ಹೆಡ್‌ಫೋನಿಗೊಂದು ಒಳ್ಳೆಯ ಸಂಬಂಧ

ಅಡಿಕೆಗೆ ರೇಟು ಬಂದರೆ ಕಾಸರಗೋಡಿನ ನಮ್ಮ ಕುಂಬಳೆ ಸೀಮೆಯಲ್ಲಿ ಏನೇನು ಕೊಳ್ಳಬೇಕು ಎಂಬುದಕ್ಕೆ ಒಂದು ಕ್ರಮ ಇತ್ತು. ಮೊದಲು ಜೀಪು. ಆಮೇಲೆ ತಾರಸಿ ಮನೆ. ಆಮೇಲೆ ಮಗನಿಗೆ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು. ಈಗ ಆ ಕ್ರಮ ತಪ್ಪಿದೆ. ಬದಿಯಡ್ಕದ ಆಚೆ, ಬಸ್ಸಿಗೆ ಗಂಟೆಗಟ್ಟಲೆ ಕಾಯಬೇಕಾದ ಮೂಲೆಗೂ ಕೊರಿಯರಿನ ಹುಡುಗ ದೊಡ್ಡ ಪೆಟ್ಟಿಗೆ ಹೊತ್ತು ಬರುತ್ತಾನೆ. ಒಳಗೆ ಹೆಡ್‌ಫೋನ್. ಎಷ್ಟಾಯಿತು ಎಂದು ಕೇಳಿದರೆ ಯಜಮಾನರು ಹೇಳುವುದಿಲ್ಲ. ಹೆಂಡತಿ ಹಟ್ಟಿಯ ಕಡೆಗೆ ಹೋದ ಮೇಲೆ ಹೇಳುತ್ತಾರೆ.

ನನ್ನ ಭಾವ ಈ ಹೊಸ ಪಂಗಡಕ್ಕೆ ಸೇರಿದ್ದಾರೆ. ಅವರ ಮನೆಗೆ ಹೋದರೆ ಮೊದಲು ಬೆಲ್ಲ, ನೀರು. ಆಮೇಲೆ ಹೆಡ್‌ಫೋನ್. ತಲೆಗೆ ಏರಿಸಿ, "ಎಂತ ಕೇಳ್ತದೆ?" ಎನ್ನುತ್ತಾರೆ. "ಹಾಡು ಕೇಳ್ತದೆ" ಎಂದರೆ ಫೇಲು. ಬಾಸ್ ದಪ್ಪ ಆದರೂ ಹದ್ದು ಮೀರುವುದಿಲ್ಲ, ಮೇಲಿನ ಸ್ವರಗಳಿಗೆ ಒಂದು ತೆಳ್ಳಗಿನ ಪರದೆ ಇದೆ, ಸೌಂಡ್‌ಸ್ಟೇಜ್, ಅಂದರೆ ಸದ್ದು ಹರಡಿ ಕೂತ ಜಾಗ, ಅಗಲ, ಹಿನ್ನೆಲೆ ಕಪ್ಪು, ಹೀಗೆ ಹೇಳಬೇಕು. ಹಿನ್ನೆಲೆ ಕಪ್ಪು ಅಂದರೆ ಸದ್ದಿಲ್ಲದ ಜಾಗದಲ್ಲಿ ನಿಜವಾಗಿಯೂ ಸದ್ದಿಲ್ಲದೆ ಇರುವುದಂತೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದಾಗ ನಮಗೆ ಇದು ಪುಕ್ಕಟೆ ಸಿಗುತ್ತದೆ. ಹಿನ್ನೆಲೆ, ಮುನ್ನೆಲೆ ಎರಡೂ ಕಪ್ಪು.

ಭಾವನಿಗೆ ಪ್ರಾಣ ಅಂದರೆ ಹಳೆಯ ತಾಳಮದ್ದಳೆ. ಯಾರೋ ಪುಣ್ಯಾತ್ಮರು ದೇವಸ್ಥಾನದ ಕಂಬದ ಬುಡದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಮಾಡಿದ ಕ್ಯಾಸೆಟ್. ಅದರಿಂದ ಇನ್ಯಾರೋ ಮಾಡಿದ ಎಂಪಿ3. "ನೋಡು ಮಾರಾಯ, ಭಾಗವತರು ನಡುವೆ. ಮದ್ದಳೆ ಬಲಕ್ಕೆ. ಚೆಂಡೆ ಎಡಕ್ಕೆ, ಎರಡು ಕೋಲು ಹಿಂದೆ" ಎಂದರು. ರೆಕಾರ್ಡಿಂಗ್ ಮೋನೋ. ಎಡಕಿವಿಗೂ ಬಲಕಿವಿಗೂ ಹೋಗುವುದು ಒಂದೇ ಸದ್ದು. ಆದರೂ ಚೆಂಡೆ ಎಡಕ್ಕೆ ಕೂತದ್ದು ಭಾವನಿಗೆ ಕೇಳಿತು. ಹೆಡ್‌ಫೋನಿನ ಬೆಲೆ ಲಕ್ಷ ದಾಟಿದರೆ ಮೋನೋ ಕೂಡ ಸ್ವಲ್ಪ ಜರುಗಿ ಜಾಗ ಮಾಡಿಕೊಡುತ್ತದೆ ಅಂತ ಕಾಣುತ್ತದೆ.

ಅವರ ಹೆಡ್‌ಫೋನ್ ಹಿಂಬದಿ ತೆರೆದ ಜಾತಿಯದ್ದು. ಸದ್ದಿಗೆ ಉಸಿರಾಡಲು ಜಾಗ ಬೇಕು ಎಂದು ಹೊರಗಡೆಗೆ ಬರೇ ಜಾಲರಿ. ಒಳಗಿನದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಭಾವನ ಮನೆಯ ತೆಂಕು ಬದಿಯಲ್ಲಿ ಕೆಂಪುಕಲ್ಲಿನ ಕೋರೆ. ಕಲ್ಲು ಕೊಯ್ಯುವ ಯಂತ್ರದ ಕೂಗು ಕೇಳಿದವರಿಗೆ ಗೊತ್ತು. ಬಡಗು ಬದಿಯಲ್ಲಿ ಅಡಿಕೆ ಸುಲಿಯುವ ಯಂತ್ರ. ಇಷ್ಟು ಅಗಲದ ಸೌಂಡ್‌ಸ್ಟೇಜ್ ಹೆಡ್‌ಫೋನ್ ಮಾಡುವ ಜರ್ಮನಿಯವರಿಗೂ ಸಿಕ್ಕಿರಲಿಕ್ಕಿಲ್ಲ.

ಪೆಟ್ಟಿಗೆ ಒಡೆದ ಕೂಡಲೇ ಕೇಳಲಿಕ್ಕೂ ಇಲ್ಲ. ಹೊಸ ಹೆಡ್‌ಫೋನನ್ನು 200 ಗಂಟೆ ಓಡಿಸಿ ಪಳಗಿಸಬೇಕು ಎಂದು ಭಾವ ಎಲ್ಲೋ ಓದಿದ್ದರು. ಅದಕ್ಕೆ ಪಿಂಕ್ ನಾಯ್ಸ್ ಎಂಬ ಸದ್ದು ಶ್ರೇಷ್ಠವಂತೆ. ಎಲ್ಲ ಸ್ವರಗಳನ್ನೂ ಒಟ್ಟಿಗೆ ಸುರಿಯುವ ಸದ್ದು. ಕೇಳಲು ಸಾಕ್ಷಾತ್ ಮಳೆ. ಚಾವಡಿಯ ಮೇಜಿನ ಮೇಲೆ ಅದನ್ನು ಜೋರಾಗಿ ಓಡಲು ಬಿಟ್ಟು ಭಾವ ನೀರ್ಚಾಲು ಪೇಟೆಗೆ ಹೋದರು. ಒಳಗಿಂದ ಬಂದ ಅಕ್ಕನಿಗೆ ಸೋ ಎಂದು ಮಳೆ ಹೊಡೆಯುವುದು ಕೇಳಿತು. ಓಡಿಹೋಗಿ ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನೆಲ್ಲ ಬಾಚಿ, ಗೋಣಿಗೆ ತುಂಬಿ ಒಳಗೆ ಎಳೆದಳು. ಮೇಲೆ ನೋಡಿದರೆ ಉರಿಬಿಸಿಲು. ಹೆಡ್‌ಫೋನ್ ಪಳಗಿತೋ ಇಲ್ಲವೋ, ಅಕ್ಕನಂತೂ ಪಳಗಿದ್ದಾಳೆ. ಈಗ ನಿಜವಾದ ಮಳೆ ಬಂದರೂ "ಅದು ಇವರದ್ದು" ಎಂದು ಕೂತಲ್ಲಿಂದ ಏಳುವುದಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಹೆಡ್‌ಫೋನ್ ಬಂದ ಮೇಲೆ ಅದಕ್ಕೆ ಸಂಬಂಧ ನೋಡಬೇಕು. ಸುಮ್ನೆ ಫೋನಿಗೆ ಚುಚ್ಚಿ ಕೇಳುವುದು ಮರ್ಯಾದಸ್ಥರ ಲಕ್ಷಣ ಅಲ್ಲ. ಆಂಪ್ಲಿಫಯರ್ ಬೇಕು, ಅದೂ ಜಾತಕ ಕೂಡಿ ಬರುವಂಥದ್ದು. ನಿಜವಾಗಿ ನೋಡಬೇಕಾದ್ದೆಲ್ಲ ಕಾಗದದ ಮೇಲೆ ಬರೆದೇ ಇರುತ್ತದೆ. ಹೆಡ್‌ಫೋನ್ ಕರೆಂಟಿಗೆ ಎಷ್ಟು ಓಮ್ ತಡೆ ಒಡ್ಡುತ್ತದೆ, ಒಂದು ವೋಲ್ಟ್ ಅಥವಾ ಒಂದು ಮಿಲಿವಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಕೂಗುತ್ತದೆ, ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರದ್ದೇ ಒಳಗಿನ ತಡೆ, ಹೆಡ್‌ಫೋನಿನದರ ಎಂಟನೇ ಒಂದು ಪಾಲಿಗಿಂತ ಕೆಳಗಿದೆಯಾ. ಹೈಸ್ಕೂಲಿನ ಓಮನ ನಿಯಮ ನೆನಪಿದ್ದವರಿಗೆ ಅರ್ಧ ಗಂಟೆಯ ಕೆಲಸ.

ಜರ್ಮನಿಯ ಸೆನ್‌ಹೈಸರ್ ಕಂಪೆನಿಯ ಎಚ್‌ಡಿ 600 ಎಂಬ ಹೆಡ್‌ಫೋನ್ ನೋಡಿ. 1997ರಲ್ಲಿ ಬಂದದ್ದು, ಇವತ್ತಿಗೂ ಮಾರಿಹೋಗುತ್ತದೆ. 300 ಓಮ್. ಒಂದು ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಎಂದು ಕಂಪೆನಿಯೇ ಬರೆದಿದೆ. ಆ ಒಂದು ವೋಲ್ಟನ್ನು ಅಮೆರಿಕದಲ್ಲಿ 9 ಡಾಲರಿಗೆ ಸಿಗುವ ಆಪಲಿನ ಪುಟ್ಟ ಅಡಾಪ್ಟರ್, ಫೋನಿಗೆ ಹೆಡ್‌ಫೋನ್ ಸಿಕ್ಕಿಸುವಂಥದ್ದು, ಕೊಡುತ್ತದೆ. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮದುವೆಯ ಊಟ ಬಡಿಸಿ ಇನ್ನೂ ಉಳಿಯುತ್ತದೆ. ಆದರೆ 9 ಡಾಲರಿನ ಅಳಿಯನನ್ನು ಯಾವ ಮಾವ ಒಪ್ಪುತ್ತಾನೆ?

ಹಸಿವು ಜಾಸ್ತಿ ಇರುವವರೂ ಇದ್ದಾರೆ, ಸುಳ್ಳಲ್ಲ. ಹೈಫೈಮನ್ ಕಂಪೆನಿಯ ಸುಸ್ವರ ಎಂಬ ಹೆಡ್‌ಫೋನ್ ಬಂದಾಗ 6000 ಡಾಲರಿನದು. ಒಂದು ಮಿಲಿವಾಟಿಗೆ 83 ಡೆಸಿಬೆಲ್ ಮಾತ್ರ. ಪ್ರತಿ 10 ಡೆಸಿಬೆಲ್ ಏರಿಸಲು ಪವರ್ ಹತ್ತು ಪಟ್ಟು ಬೇಕು. 113 ಮುಟ್ಟಬೇಕಾದರೆ ಪೂರ್ತಿ ಒಂದು ವಾಟ್ ಆಯಿತು. ಇದಕ್ಕಾಗಿ ಕೆಲವರು ಸ್ಪೀಕರಿನ ಆಂಪನ್ನೇ ತಂದು ಕಟ್ಟುತ್ತಾರೆ. ಗಣೇಶ ಚೌತಿಯ ಮೈಕ್‌ಸೆಟ್ ಬಾಡಿಗೆಗೆ ಸಿಗುತ್ತದಲ್ವಾ ಭಾವ ಎಂದೆ. ಅವರಿಗೆ ಅದು ತಮಾಷೆ ಅನಿಸಲಿಲ್ಲ.

ಭಾವ ಕೊನೆಗೆ ಒಪ್ಪಿದ್ದು ವಾಲ್ವ್ ಆಂಪನ್ನು, ಟ್ರಾನ್ಸಿಸ್ಟರಿನ ಬದಲು ಬಿಸಿಯಾಗುವ ಗಾಜಿನ ಬುರುಡೆ ಇರುವುದನ್ನು. ಟ್ರಾನ್ಸಿಸ್ಟರ್ ಬಂದ ಕಾಲಕ್ಕೆ ಅವರ ಅಪ್ಪ ವಾಲ್ವ್ ರೇಡಿಯೋವನ್ನು ಅಟ್ಟಕ್ಕೆ ಏರಿಸಿದ್ದರು. ಮಗ ಈಗ ಅದೇ ವಾಲ್ವಿಗೆ ಲಕ್ಷ ಕೊಟ್ಟು ಚಾವಡಿಗೆ ಇಳಿಸಿದ್ದಾರೆ. ವಾಲ್ವಿನಲ್ಲಿ ಧ್ವನಿ ಬೆಚ್ಚಗೆ ಆಗುತ್ತದಂತೆ. ಇದು ಪೂರ್ತಿ ಭ್ರಮೆಯೂ ಅಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ. ಎಚ್‌ಡಿ 600ರಂಥ ಹೆಡ್‌ಫೋನಿನ 300 ಓಮ್ ಎಲ್ಲ ಸ್ವರಕ್ಕೂ 300 ಅಲ್ಲ, 100 ಹರ್ಟ್ಸ್ ಆಸುಪಾಸಿನಲ್ಲಿ ಅದು ಸುಮಾರು 500ಕ್ಕೆ ಏರುತ್ತದೆ. ಎರಡೂ ಸೇರಿದರೆ ಕೆಳಗಿನ ಸ್ವರ ಸ್ವಲ್ಪ ಉಬ್ಬುತ್ತದೆ. ಬೆಚ್ಚಗೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಇದೇ. ಫೋನಿನ ಈಕ್ವಲೈಸರಿನಲ್ಲಿ ಬೆರಳಿನಿಂದ ಒಂದು ಗೆರೆ ಮೇಲಕ್ಕೆ ದೂಡಿದರೂ ಆಗುತ್ತದೆ. ಆದರೆ ಈಕ್ವಲೈಸರ್ ಮುಟ್ಟುವುದು ಈ ಪಂಗಡದಲ್ಲಿ ಮೈಲಿಗೆ. ಮುಟ್ಟಿದವರು ಸ್ನಾನ ಮಾಡಬೇಕು.

ಎಪ್ರಿಲ್, ಮೇ ಸೆಕೆಯಲ್ಲಿ ಆ ಆಂಪಿನ ಪಕ್ಕ ಕೂತವರಿಗೆ ಬೆಚ್ಚಗಿನ ಬಗ್ಗೆ ಯಾರೂ ವಿವರಿಸಬೇಕಾಗಿಲ್ಲ. ಜೂನ್ ಬಂದರೆ ಅದಕ್ಕೊಂದು ಬೆಲೆ ಬರುತ್ತದೆ. ಅಕ್ಕ ಅದರ ಪಕ್ಕ ಬೆಂಕಿಪೆಟ್ಟಿಗೆ ಒಣಗಲು ಇಡುತ್ತಾಳೆ.

ಹೊಂದಾಣಿಕೆಗೂ ನಮ್ಮೂರಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕೇರಳ ಬಿಟ್ಟು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲೇ ಜಾತಕ ನೋಡಿ ಹೇಳಿದೆ. ನಿಶ್ಚಿತಾರ್ಥವೇ ಆಗಲಿಲ್ಲ. ಭಾವನ ಆಂಪಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಕಸ್ಟಮರ್ ಕೇರಿನವಳು ಪಿನ್‌ಕೋಡು ನೋಡಿ ಮಲಯಾಳದಲ್ಲಿ ಶುರು ಮಾಡಿದಳು, ಭಾವ ಕನ್ನಡದಲ್ಲಿ ಶುರು ಮಾಡಿದರು, ಇಬ್ಬರೂ ಹಿಂದಿಯಲ್ಲಿ ಬಿದ್ದು ಎದ್ದರು. ಸಾಮಾನು ಬಂತು.

ಬಂದ ಮೇಲೆ ಗೊತ್ತಾದದ್ದು ಕರೆಂಟಿನ ವಿಷಯ. ಭಾವನದ್ದು ಲೈನಿನ ಕೊನೆಯ ಮನೆ. 230 ವೋಲ್ಟ್ ಇರಬೇಕಾದ ಕಡೆ ಆಚೆಮನೆಯ ಪಂಪು ಸ್ಟಾರ್ಟ್ ಆದರೆ ಟ್ಯೂಬ್‌ಲೈಟ್ ಕಣ್ಣು ಹೊಡೆಯುತ್ತದೆ. ಕರೆಂಟಿನಲ್ಲಿ ಕೊಳೆ ಇದೆ ಎಂದು ಭಾವ ತೀರ್ಮಾನಿಸಿ, ಅದನ್ನು ತೊಳೆಯುವ ಪೆಟ್ಟಿಗೆಯೊಂದನ್ನು ತರಿಸಿದರು. ಸಾಲಲಿಲ್ಲ. ಆಚೆಮನೆಗೆ ಹೋಗಿ, ರಾತ್ರಿ ಎಂಟರ ಮೇಲೆ ತೋಟಕ್ಕೆ ನೀರು ಬಿಡಬೇಡಿ, ಪಿಟೀಲಿನ ಅಂಚು ಒರಟಾಗುತ್ತದೆ ಎಂದು ಕೇಳಿಕೊಂಡರು. ಅವರು ಮರುಮಾತಿಲ್ಲದೆ ಒಪ್ಪಿದರು. ಸಂಜೆ ಅಕ್ಕನಿಗೆ ಫೋನ್ ಮಾಡಿ, ಭಾವಯ್ಯನಿಗೆ ಜ್ವರ ಉಂಟಾ ಎಂದು ವಿಚಾರಿಸಿದರು.

ತುಲಾ ತಿಂಗಳಿನಲ್ಲಿ ಮಧ್ಯಾಹ್ನ ದಾಟಿದರೆ ಗುಡುಗು, ಮಿಂಚು. ಮೋಡ ಕಂಡ ಕೂಡಲೇ ಭಾವ ತೋಟದಿಂದ ಓಡಿ ಬಂದು ಪ್ಲಗ್ ಕೀಳುತ್ತಾರೆ. ಲೆಕ್ಕ ಹಾಕಿದರೆ ಆಂಪ್ ಪ್ಲಗ್ಗಿನಲ್ಲಿ ಇರುವ ಹೊತ್ತಿಗಿಂತ ಹೊರಗೆ ಇರುವುದೇ ಜಾಸ್ತಿ.

ದೊಡ್ಡವರ ಸಂಬಂಧದಲ್ಲಿ ಈ ರಗಳೆ ಇಲ್ಲ. ಸೆನ್‌ಹೈಸರ್ 2015ರಲ್ಲಿ ತೋರಿಸಿದ ಎಚ್‌ಇ 1ರಲ್ಲಿ ಆಂಪ್ ಜೊತೆಗೇ ಬರುತ್ತದೆ. ಆಗ ಹೇಳಿದ ಬೆಲೆ 50,000 ಯೂರೋ. ಪೆಟ್ಟಿಗೆ ಇಟಲಿಯ ಕರಾರಾ ಅಮೃತಶಿಲೆಯದ್ದು. ಆನ್ ಮಾಡಿದರೆ ಎಂಟು ವಾಲ್ವುಗಳು ಒಳಗಿಂದ ಮೆಲ್ಲ ಎದ್ದು ಬರುತ್ತವೆ. ಸದ್ದು 100 ಕಿಲೋಹರ್ಟ್ಸ್‌ವರೆಗೂ ಹೋಗುತ್ತದೆ. ಮನುಷ್ಯನ ಕಿವಿಗೆ ಎಳವೆಯಲ್ಲೇ 20 ಕೊನೆ. ಐವತ್ತು ದಾಟಿದವರಿಗೆ ಅದೂ ಇಲ್ಲ. ನಾಯಿಗೆ 45ರ ಸುತ್ತಮುತ್ತ. ಅದರಿಂದ ಆಚೆಯದು ಬಾವಲಿಗಳ ಪಾಲು. ತೋಟದ ಹಣ್ಣಡಿಕೆಯಲ್ಲಿ ಅವುಗಳಿಗೆ ಪಾಲುಂಟು, ಇದರಲ್ಲೂ ಇರಲಿ.

ಇಷ್ಟು ಸೂಕ್ಷ್ಮ ಕಿವಿಯ ಭಾವ ನಮ್ಮೂರ ಜಾತ್ರೆ ಸಮಿತಿಯ ಅಧ್ಯಕ್ಷರೂ ಹೌದು. ಇದನ್ನು ಹೇಳದಿದ್ದರೆ ಅವರ ಪರಿಚಯ ಪೂರ್ತಿಯಾಗುವುದಿಲ್ಲ. ದೇವಸ್ಥಾನದ ಆಂಪ್ ಆನ್ ಆದ ಗಳಿಗೆಯಿಂದ ಗೊಂಯ್ ಎನ್ನುತ್ತದೆ. ಅರ್ಥಿಂಗ್ ಸರಿ ಇಲ್ಲ. ಒಂದು ತುಂಡು ವಯರಿನ ಕೆಲಸ. ಮಂತ್ರ, ಹರಿಕಥೆ, ಕಳೆದುಹೋದ ಪರ್ಸಿನ ಅನೌನ್ಸ್‌ಮೆಂಟ್, ಎಲ್ಲವೂ ಆ ಗೊಂಯ್ ಶ್ರುತಿಯಲ್ಲೇ ನಡೆಯುತ್ತವೆ. ಕೇಬಲ್ ಬದಲಿಸಿದರೆ ಗಾಯಕಿ ಉಸಿರು ಎಳೆಯುವುದು ಕೇಳುತ್ತದೆ ಎನ್ನುವ ಭಾವನಿಗೆ ಈ ಗೊಂಯ್ ಕೇಳುವುದಿಲ್ಲ. ಜಾತ್ರೆಯ ಮೀಟಿಂಗಿನಲ್ಲಿ ಅವರ ಸೂಚನೆ ಪ್ರತಿವರ್ಷವೂ ಒಂದೇ: "ಹೋದ ಸಲ ಸೌಂಡ್ ಸಾಲಲಿಲ್ಲ, ಈ ಸಲ ಇನ್ನೆರಡು ಬಾಕ್ಸ್ ತರಿಸಿ." ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ವಿಶೇಷ ವಿನಾಯಿತಿ ಇಲ್ಲದಿದ್ದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಲೌಡ್‌ಸ್ಪೀಕರೇ ಕೂಡದು ಎಂದೂ ಅದರಲ್ಲೇ ಇದೆ. ಗಾನಮೇಳ ಶುರುವಾಗುವುದೇ ಹತ್ತಕ್ಕೆ. ಬಾಣಂತಿ ಇರುವ ಮನೆಯವರು ಬಂದು ಸ್ವಲ್ಪ ತಗ್ಗಿಸಿ ಎಂದರೆ, ಅಧ್ಯಕ್ಷರಿಗೆ ಬಾಕ್ಸಿನ ಪಕ್ಕ ನಿಂತು ಏನೂ ಕೇಳುವುದಿಲ್ಲ. ಬೆಳಿಗ್ಗೆ ಮನೆಗೆ ಬಂದು, ಕಿವಿಯಲ್ಲಿ ಕುಯ್ ಎನ್ನುತ್ತಿರುವಾಗಲೇ ಹೆಡ್‌ಫೋನ್ ಏರಿಸಿ, ಮೇಲಿನ ಸ್ವರದಲ್ಲಿ ಇವತ್ತು ಒಂದು ಹೊಳಪು ಜಾಸ್ತಿ ಇದೆ ಎನ್ನುತ್ತಾರೆ.

ಪರೀಕ್ಷೆ ಮಾಡುವ ಎಂದು ಭಾವನ ಮಗ, ನನ್ನ ಅಳಿಯ ಮಾಣಿ, ಹೇಳಿದ. 2007ರಲ್ಲಿ ಅಮೆರಿಕದಲ್ಲಿ ಮೇಯರ್, ಮೊರಾನ್ ಎಂಬಿಬ್ಬರು ಮಾಡಿದ್ದನ್ನು ಅವನು ಓದಿದ್ದ. ಸಿಡಿಗಿಂತ ಮೇಲ್ದರ್ಜೆಯ ರೆಕಾರ್ಡಿಂಗನ್ನು ಒಮ್ಮೆ ಇದ್ದ ಹಾಗೆ, ಒಮ್ಮೆ ಸಿಡಿಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದ್ದರು. 554 ಸಲದಲ್ಲಿ ಸರಿಯಾಗಿ ಹೇಳಿದ್ದು 276. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು. ಅಪ್ಪಾ, ಕಣ್ಣಿಗೆ ಬೈರಾಸು ಕಟ್ಟುತ್ತೇನೆ, ನಾನು ಕೇಬಲ್ ಬದಲಿಸುತ್ತೇನೆ, ನೀವು ಹೇಳಿ ಎಂದ. ಭಾವನಿಗೆ ಸಿಟ್ಟು ಬಂತು. "ಬೆಲೆ ಗೊತ್ತಿಲ್ಲದೆ, ಹೆಸರು ಗೊತ್ತಿಲ್ಲದೆ ಕೇಳಲಿಕ್ಕೆ ಆಗ್ತದಾ? ಗೋತ್ರ ಕೇಳದೆ ಯಾರಾದ್ರೂ ಹುಡುಗಿ ನೋಡ್ಲಿಕ್ಕೆ ಹೋಗ್ತಾರಾ?"

ಈ ವರ್ಷದ ಮಳೆ ಆ ವಾದವನ್ನು ಅಲ್ಲಿಗೇ ನಿಲ್ಲಿಸಿತು. ತೋಟಕ್ಕೆ ಕೊಳೆರೋಗ. ಮೈಲುತುತ್ತು, ಸುಣ್ಣ, ಸಿಂಪಡಿಸುವವರ ಕೂಲಿ, ಎಲ್ಲದಕ್ಕೂ ಕೈಯಲ್ಲಿ ದುಡ್ಡು ಬೇಕು. ಅತ್ತ ಹೆಡ್‌ಫೋನಿನ ಪ್ಯಾಡಿಗೆ ಬೂಷ್ಟು ಹಿಡಿಯಿತು. ಮೊದಲು ಹೆಡ್‌ಫೋನಿನ ಕೇಬಲ್ ಮಾರುವುದೆಂದು ಭಾವ ನಿಶ್ಚಯಿಸಿದರು. ಅಪ್ಪಟ ಬೆಳ್ಳಿಯ ಎಳೆಗಳು, ಪಿಟೀಲು ಬೆಣ್ಣೆಯ ಹಾಗೆ ಇಳಿಯುತ್ತದೆ, ಬೇಕಾದವರು ತಿಳಿಸಿ ಎಂದು ವಾಟ್ಸಾಪಿನಲ್ಲಿ ಹಾಕಿದರು.

ಮೊದಲು ಫೋನ್ ಮಾಡಿದವರು ಉಪ್ಪಳದವರು. ಬೆಳ್ಳಿ ಹೌದಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಪಿಟೀಲಿನ ವಿಚಾರಕ್ಕೆ ಹೋಗಲಿಲ್ಲ. ಎಷ್ಟು ಗ್ರಾಂ ಬರಬಹುದು ಎಂದರು.

ಭಾವ ಫೋನ್ ಇಟ್ಟುಬಿಟ್ಟರು. ಅಕ್ಕ ಅಡುಗೆಮನೆಯಿಂದ ತಕ್ಕಡಿ ತಂದಳು.