ನೀವು ಕೊಂಡಿದ್ದು ಜಮೀನು, ದಾರಿಯನ್ನಲ್ಲ

ಹಳ್ಳಿಗಳಲ್ಲಿ ಹೊಸದಾಗಿ ಜಮೀನು ಕೊಂಡು, ಊರವರು ಓಡಾಡೋ ದಾರಿಗೇ ಬೇಲಿ ಹಾಕ್ತಿದ್ದಾರಲ್ಲ, ಹಾಕೋ ಮುಂಚೆ ಪಕ್ಕದ ಹೊಲದವರನ್ನ ಒಂದು ಮಾತು ಕೇಳಿದ್ರೆ ಇವರ ಗಂಟೇನು ಹೋಗ್ತಿತ್ತು?

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಕೊಳ್ಳಲಿ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಕನಕಪುರ, ಯಾವ ಕಡೆ ಹೋದರೂ ಇದೇ ಗೋಳು. ರಿಜಿಸ್ಟ್ರಿ ಆದ ವಾರಕ್ಕೇ ಜೆಸಿಬಿ, ಕಲ್ಲುಕಂಬ, ತಂತಿಬೇಲಿ, ಗೇಟು, ಗೇಟಿಗೊಂದು ಬೀಗ. ಹದ್ದುಬಸ್ತಿಗೆ, ಅಂದ್ರೆ ಗಡಿ ಅಳೆದು ಗುರುತಿಸೋಕೆ, ಅರ್ಜಿ ಕೊಟ್ಟು, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಸರ್ವೆಯವರು ಬಂದು ಗಡಿ ತೋರಿಸೋವರೆಗೆ ಕಾಯೋ ತಾಳ್ಮೆ ಇಲ್ಲ. ಕೇಳಿದ್ರೆ ‘ಪಹಣಿಯಲ್ಲಿ ದಾರಿ ಎಲ್ಲಿದೆ ತೋರಿಸಿ’ ಅಂತಾರೆ. ಸ್ವಾಮಿ, ದಾರಿ ನೋಡಬೇಕಾದ್ದು ಗ್ರಾಮ ನಕಾಶೆಯಲ್ಲಿ. ಬಂಡಿದಾರಿ, ಕಾಲುದಾರಿ ಅಲ್ಲಿ ಚುಕ್ಕೆಗೆರೆಯಲ್ಲಿರುತ್ತೆ. ನಕಾಶೆಗೂ ಹತ್ತದೆ, ತಾತಂದಿರ ಕಾಲದಿಂದ ಬಾಯಿಮಾತಿನ ಮೇಲೆ ಬದುವಿನ ಪಕ್ಕ ನಡೆದು ಬಂದ ದಾರಿಗಳೂ ಇವೆ. ಮೊದಲು ಮುಚ್ಚಿಹೋಗೋದೇ ಅವು.

‘ಓಡಾಡೋಕೆ 3 ಅಡಿ ಬಿಟ್ಟಿದ್ದೀವಲ್ಲ’ ಅನ್ನೋರು ಇನ್ನೊಂದು ಕಡೆ. 3 ಅಡಿಯಲ್ಲಿ ಆಳು ಹೋಗ್ತಾನೆ, ಬೇಸಾಯ ಹೋಗಲ್ಲ. ಟ್ರೈಲರ್ ಕಟ್ಟಿದ ಟ್ರ್ಯಾಕ್ಟರಿಗೆ 8 ಅಡಿಯಾದರೂ ಬೇಕು, ತಿರುವಿನಲ್ಲಿ ಇನ್ನೂ ಜಾಸ್ತಿ. ರಾಗಿ ಕಟಾವು ಮಿಷನ್ನಿಗೆ 10-12 ಅಡಿ. ದಾರಿ ಇಲ್ಲದಿದ್ರೆ ತಿಪ್ಪೆಗೊಬ್ಬರ ಮಂಕರಿಯಲ್ಲಿ ತಲೆಮೇಲೆ ಹೊರಬೇಕು. ಕಟಾವಿಗೆ ಆಳು ಸಿಗಲ್ಲ, ಸಿಗೋ ಹೊತ್ತಿಗೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ನವೆಂಬರ್ ಮಳೆ ಹಿಡ್ಕೊಂಡ್ರೆ ರಾಗಿ ತೆನೆಯಲ್ಲೇ ಮೊಳಕೆ ಒಡೆಯುತ್ತೆ. ಗೇಟಿನ ಕೀ ವಾಚ್‌ಮನ್ ಹತ್ರ ಇರುತ್ತೆ, ಅವನು ಪಾಪ, ಓನರ್ ಹೇಳದೆ ತೆಗೆಯೋ ಹಾಗಿಲ್ಲ, ಓನರ್ ಬರೋದು ಶನಿವಾರ. ಬಾಡಿಗೆ ಮಿಷನ್ ಶನಿವಾರದವರೆಗೆ ಕಾಯುತ್ತಾ? ಅದು ಮುಂದಿನ ಊರಿಗೆ ಹೋಗಿರುತ್ತೆ.

ಕಾಂಪೌಂಡ್ ಕಟ್ಟಿಸೋರದ್ದು ಇನ್ನೊಂದು ಅನ್ಯಾಯ. ಮೇಲಿನ ಹೊಲದ ಮಳೆನೀರು ಇಳಿದು ಹೋಗೋ ಜಾಗಕ್ಕೇ ಸೈಜುಗಲ್ಲು ಪಾಯ ಹಾಕಿ, ಒಂದು 4 ಇಂಚಿನ ಪೈಪ್ ತೂರಿಸಿ ಕೈ ತೊಳ್ಕೋತಾರೆ. ಮೊದಲನೇ ಜೋರು ಮಳೆಗೇ ತರಗು, ಹುಲ್ಲು, ಗಿಡದ ಬುಡಕ್ಕೆ ಹಾಸೋ ಮಲ್ಚಿಂಗ್ ಪ್ಲಾಸ್ಟಿಕ್ ಹರಿದು ಬಂದು ಪೈಪಿನ ಬಾಯಿ ಕಟ್ಟುತ್ತೆ. ಮೇಲೆ ನಿಂತ ನೀರಲ್ಲಿ ಟೊಮೊಟೊ ಗಿಡ ಎರಡೇ ದಿನಕ್ಕೆ ಸೊರಗಿ ಬೀಳುತ್ತೆ, ಕೆಳಗೆ ಕೆರೆಗೆ ಹನಿ ನೀರಿಲ್ಲ. ಪಾಯದಲ್ಲಿ 2 ಅಡಿ ಅಗಲದ ಕಂಡಿ ಬಿಟ್ಟು, ಕಸ ಸಿಕ್ಕಿಕೊಳ್ಳದ ಹಾಗೆ ದೂರದೂರ ಸರಳು ಕೂರಿಸೋಕೆ ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಅದೂ ಆಗಲ್ಲ ಇವರ ಕೈಲಿ!

ಜಗಳ ಯಾಕೆ ಅಂತ ಸುಮ್ಮನಿರೋ ರೈತರೇ, ಕೇಳಿ. ಇನ್ನೊಬ್ಬರ ಜಮೀನಿನ ಮೇಲೆ ದಾರಿ, ನೀರಿನಂಥ ಹಕ್ಕುಗಳನ್ನ ಹೇಳೋ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, 20 ವರ್ಷ ಹಕ್ಕಿನಿಂದ, ತಡೆಯಿಲ್ಲದೆ ಓಡಾಡಿದ ದಾರಿ ಮೇಲೆ ನಿಮಗೆ ಹಕ್ಕು ಬರುತ್ತೆ. ಆದರೆ ಅಡ್ಡ ಹಾಕಿದ್ದು ಗೊತ್ತಿದ್ದೂ ಒಂದು ವರ್ಷ ಒಪ್ಪಿಕೊಂಡು ಕೂತರೆ ಆ ಲೆಕ್ಕ ಮುರಿದುಹೋಗುತ್ತೆ. ಬೇಲಿ ಬಿದ್ದ ದಿನವೇ ಫೋಟೊ ತೆಗೀರಿ. ಗ್ರಾಮ ನಕಾಶೆಯ ನಕಲು ಲಗತ್ತಿಸಿ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡಿ, ನಿಮ್ಮ ಪ್ರತಿ ಮೇಲೆ ತಾರೀಖಿನ ಸಮೇತ ಸೀಲ್ ಹಾಕಿಸಿಕೊಳ್ಳದೆ ಕಚೇರಿಯಿಂದ ಆಚೆ ಬರಬೇಡಿ.