ಬಿ ರಿಪೋರ್ಟ್ ಆದದ್ದೆಲ್ಲ ಫಾಲ್ಸ್ ಕೇಸ್ ಅಲ್ಲ

ಮೊನ್ನೆ ಭಾನುವಾರ ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಕಿವಿಗೆ ಬಿದ್ದ ಒಂದು ಮಾತಿನಿಂದ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಎದುರು ಪಂಕ್ತಿಯಲ್ಲಿ ನಮ್ಮೂರ ಕಡೆಯ ಹಿರಿಯ ರೈತರೊಬ್ಬರು ಎಲೆಯ ಮುಂದೆ ಕುಳಿತಿದ್ದರು. ತಮ್ಮ ಗದ್ದೆಯ ಬದುವಿನಲ್ಲಿದ್ದ ಬಾಂದುಕಲ್ಲನ್ನು ಪಕ್ಕದ ಜಮೀನಿನವರು ಕಿತ್ತು ಒಳಕ್ಕೆ ಸರಿಸಿದ್ದಾರೆ ಎಂದು ಅವರು ಹಿಂದೆ ಪೊಲೀಸರಿಗೆ ದೂರು ಕೊಟ್ಟಿದ್ದರು. ತನಿಖೆ ನಡೆಸಿದವರು ಇದು ಸಿವಿಲ್ ಸ್ವರೂಪದ ವಿವಾದವೆಂದು ಬಿ ರಿಪೋರ್ಟ್, ಅಂದರೆ ಆರೋಪ ಹೊರಿಸುವಷ್ಟು ಆಧಾರವಿಲ್ಲವೆಂಬ ಅಂತಿಮ ವರದಿ, ಸಲ್ಲಿಸಿದ್ದರು. ಪಂಕ್ತಿಯ ಕೊನೆಯಲ್ಲಿದ್ದ ಯುವಕನೊಬ್ಬ ದನಿ ತಗ್ಗಿಸುವ ಸೌಜನ್ಯವನ್ನೂ ತೋರದೆ ಪಕ್ಕದವನಿಗೆ ಹೇಳಿದ: “ಇವ್ರೇ ಕಣಣ್ಣ, ಆ ಫಾಲ್ಸ್ ಕೇಸ್ ಹಾಕಿದ್ದೋರು. ಬಿ ರಿಪೋರ್ಟ್ ಆಗೋಯ್ತಲ್ಲ.” ಹಿರಿಯರಿಗೆ ಅದು ಕೇಳಿಸಿತು. ಕೈತೊಳೆಯುವಲ್ಲಿ ನನ್ನನ್ನು ಕಂಡವರೇ, “ನಾನ್ಯಾಕವ್ವ ಈ ವಯಸ್ನಲ್ಲಿ ಸುಳ್ಳು ಹೇಳ್ಲಿ? ಕಲ್ಲು ಅಲ್ಲಿತ್ತು, ಈಗಿಲ್ಲ. ಅಷ್ಟೇ ನಾನು ಹೇಳಿದ್ದು” ಎಂದರು.

ನಿಮಗೆಲ್ಲ ಗೊತ್ತಿರುವಂತೆ ನಾನು ಇಂಗ್ಲಿಷ್ ಪಾಠ ಹೇಳುತ್ತಲೇ ವಯಸ್ಸು ಕಳೆದವಳು. ‘ಫಾಲ್ಸ್’ ಎಂಬ ಈ ಪದವನ್ನು ತರಗತಿಯಲ್ಲಿ ಅದೆಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಆ ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಅರ್ಥವಿಲ್ಲ. ವಾಸ್ತವಕ್ಕೆ ಹೊಂದದೇ ಇರುವುದು ಎಂಬುದು ಒಂದು ಅರ್ಥವಾದರೆ, ಮತ್ತೊಬ್ಬರನ್ನು ಮೋಸಗೊಳಿಸಲೆಂದೇ ಹೂಡಿದ್ದು ಎಂಬುದು ಇನ್ನೊಂದು. ಮೋಸಗೊಳಿಸು ಎಂಬ ಅರ್ಥದ ‘ಫಾಲ್ಲೆರೆ’ ಎಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ‘ಫಾಲ್ಸುಸ್’ ಈ ಪದದ ಮೂಲ. ಅದು ಕೂಡ ಮೋಸದ ಮಾತಿಗೂ ಸಲ್ಲುತ್ತಿತ್ತು, ಮೋಸಹೋದವನಿಗೂ ತಪ್ಪು ತಿಳಿದವನಿಗೂ ಸಲ್ಲುತ್ತಿತ್ತು. ಅಂದರೆ ಈ ಇಬ್ಬಗೆ ನಿನ್ನೆ ಮೊನ್ನೆಯದಲ್ಲ.

ನಾವು ದಿನವೂ ಆಡುವ ಮಾತನ್ನೇ ನೋಡಿ. ಮನೆ ಕಟ್ಟಿಸುವವರು ಫಾಲ್ಸ್ ಸೀಲಿಂಗ್ ಹಾಕಿಸುತ್ತಾರೆ. ಅದರಿಂದ ಯಾರಿಗೂ ವಂಚನೆಯಾಗುವುದಿಲ್ಲ. ಓಟದ ಪಂದ್ಯದಲ್ಲಿ ಹುಡುಗ ಪಿಸ್ತೂಲಿನ ಸದ್ದಿಗೆ ಮುಂಚೆಯೇ ಹೆಜ್ಜೆ ಕಿತ್ತರೆ ಅದು ಫಾಲ್ಸ್ ಸ್ಟಾರ್ಟ್, ಅವನ ಕಾತರ ಮಾತ್ರ ಅದಕ್ಕೆ ಕಾರಣ. ಕೋವಿಡ್ ಕಾಲದಲ್ಲಿ ಸೋಂಕಿಲ್ಲದವರಿಗೆ ಸೋಂಕಿದೆಯೆಂದು ಬಂದ ವರದಿಯನ್ನು ಫಾಲ್ಸ್ ಪಾಸಿಟಿವ್ ಎಂದು ಕರೆಯುವುದನ್ನು ಎಲ್ಲರೂ ಕಲಿತೆವು. ಆ ಹೆಸರಿನಲ್ಲಿ ಲ್ಯಾಬಿನವರು ಸುಳ್ಳುಗಾರರೆಂಬ ಆರೋಪವಿರಲಿಲ್ಲ. ಶಾಲೆಯ ‘ಟ್ರೂ ಆರ್ ಫಾಲ್ಸ್’ ಪ್ರಶ್ನೆಯನ್ನು ಕನ್ನಡ ಮಾಧ್ಯಮದ ಮೇಷ್ಟರುಗಳು ‘ಸರಿಯೋ ತಪ್ಪೋ ಗುರುತಿಸಿ’ ಎಂದು ಕೇಳಿದರೇ ಹೊರತು ‘ನಿಜವೋ ಸುಳ್ಳೋ’ ಎಂದು ಮಗುವನ್ನು ಗದರಿಸಲಿಲ್ಲ. ಇಷ್ಟೆಲ್ಲ ಕಡೆ ಈ ಪದವನ್ನು ಅಳತೆಗೆ ತಕ್ಕಂತೆ ಬಳಸಬಲ್ಲ ನಾವು, ಅದರ ಮುಂದೆ ‘ಕೇಸ್’ ಎಂದು ಸೇರಿದೊಡನೆ ಎರಡನೆಯ ಅರ್ಥಕ್ಕೇ ಏಕೆ ಜೋತುಬೀಳುತ್ತೇವೆ? ದೂರು ಕೊಟ್ಟವನು ಸುಳ್ಳು ಹೇಳಿದ ಎಂದು ನಿರ್ಣಯಿಸಲು ನಮಗೆ ಏಕಿಷ್ಟು ಆತುರ?

ಕನ್ನಡದಲ್ಲಿ ಈ ಗೊಂದಲ ಇರಬೇಕಾಗಿಯೇ ಇಲ್ಲ ಎಂಬುದು ನನ್ನ ಕೋಪವನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಮ್ಮ ‘ಸುಳ್ಳು’ ಎಂಬ ಪದದ ಜೊತೆಗೆ ಸಾಮಾನ್ಯವಾಗಿ ಒಂದು ಕ್ರಿಯಾಪದ ಬರುತ್ತದೆ, ಆ ಕ್ರಿಯಾಪದವೇ ನ್ಯಾಯ ತೀರ್ಮಾನ ಮಾಡಿಬಿಡುತ್ತದೆ. ‘ಅವನ ಲೆಕ್ಕ ಸುಳ್ಳಾಯಿತು’ ಎಂದರೆ ಎಣಿಸಿದಂತೆ ನಡೆಯಲಿಲ್ಲ ಎಂದಷ್ಟೇ ಅರ್ಥ. ‘ಅವನು ಸುಳ್ಳು ಹೇಳಿದ’ ಎಂದರೆ ಅವನ ನಡತೆಯ ಮೇಲೆ ಕೈಯಿಟ್ಟಂತೆ. ‘ಹುಸಿ’ಯೂ ಹಾಗೆಯೇ, ಮುಂಗಾರು ಹುಸಿಯಾಯಿತು ಎಂದು ಕೊರಗುವ ರೈತ ಮೋಡವನ್ನು ಮೋಸಗಾರನೆಂದು ದೂರುವುದಿಲ್ಲ, ಹುಸಿ ನುಡಿದ ಮನುಷ್ಯನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ. ಆಗುವುದಕ್ಕೂ ಹೇಳುವುದಕ್ಕೂ ಇರುವ ಈ ಅಂತರವನ್ನು ಅಕ್ಷರ ಕಲಿಯದ ನಮ್ಮ ಅಜ್ಜಿಯರು ಎಂದೂ ಮರೆತವರಲ್ಲ. ‘ಫಾಲ್ಸ್ ಕೇಸ್’ ಎಂಬ ಜೋಡಿಪದದಲ್ಲಿ ಕ್ರಿಯಾಪದವೇ ಇಲ್ಲ. ಹಾಗಾಗಿ ‘ಆಯಿತು’ ಎನ್ನಬೇಕೋ ‘ಹೇಳಿದ’ ಎನ್ನಬೇಕೋ ಎಂದು ಯೋಚಿಸುವ ಹೊಣೆಯಿಂದ ಮಾತಾಡುವವನು ತಪ್ಪಿಸಿಕೊಳ್ಳುತ್ತಾನೆ, ಕೇಳಿದವರು ಕೆಟ್ಟ ಅರ್ಥವನ್ನೇ ಆರಿಸಿಕೊಳ್ಳುತ್ತಾರೆ.

ಕಾನೂನು ಇಷ್ಟು ಅಸಡ್ಡೆಯಿಂದ ಮಾತಾಡುವುದಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 191ನೆಯ ಕಲಮಿನಲ್ಲಿ ಸುಳ್ಳುಸಾಕ್ಷ್ಯ ಎಂದರೇನೆಂದು ವಿವರಿಸುವಾಗ, ಹೇಳಿಕೆ ಸುಳ್ಳಾಗಿದ್ದರೆ ಸಾಲದು, ಅದು ಸುಳ್ಳೆಂದು ಹೇಳುವವನಿಗೆ ತಿಳಿದಿರಬೇಕು ಅಥವಾ ಅವನು ಹಾಗೆ ನಂಬಿರಬೇಕು, ಇಲ್ಲವೇ ಅದು ನಿಜವೆಂಬ ನಂಬಿಕೆ ಅವನಿಗೆ ಇಲ್ಲದಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 227ನೆಯ ಕಲಮಿನಲ್ಲೂ ಅದೇ ಮಾತಿದೆ. ಬೇಕೆಂದೇ ಸುಳ್ಳು ದೂರು ಕೊಡುವವರಿಗಾಗಿ ಹಳೆಯ ಸಂಹಿತೆಯಲ್ಲಿ 182 ಮತ್ತು 211ನೆಯ ಕಲಮುಗಳಿದ್ದವು, ಹೊಸದರಲ್ಲಿ ಅವು 217 ಮತ್ತು 248 ಆಗಿವೆ. ಅಲ್ಲಿಯೂ ದೂರುದಾರನ ಅರಿವನ್ನು, 248ರಲ್ಲಿ ಹಾನಿ ಮಾಡುವ ಉದ್ದೇಶವನ್ನೂ ಸಾಬೀತು ಮಾಡಬೇಕು. ಮದುವೆಯ ಭರವಸೆಯ ಪ್ರಕರಣವೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಸುಳ್ಳು ಭರವಸೆಯನ್ನೂ ಭರವಸೆಗೆ ತಪ್ಪುವುದನ್ನೂ ಬೇರೆಬೇರೆಯಾಗಿಯೇ ನೋಡಿತು. ಮಾತು ಕೊಡುವ ಹೊತ್ತಿನಲ್ಲೇ ಅದನ್ನು ಉಳಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ ಮಾತ್ರ ಅದು ಸುಳ್ಳು ಭರವಸೆ ಎಂದಿತು. ನಮ್ಮ ಹಳ್ಳಿಗಳಲ್ಲಿ ‘ಮಾತಿಗೆ ತಪ್ಪಿದ’ ಎಂಬುದು ಬೇರೆ, ‘ಸುಳ್ಳು ಹೇಳಿ ನಂಬಿಸಿದ’ ಎಂಬುದು ಬೇರೆ ಎನ್ನುವ ತಿಳಿವಳಿಕೆ ಇದೇ ಅಲ್ಲವೇ?

ಬಿ ರಿಪೋರ್ಟಿನ ವಿಷಯಕ್ಕೆ ಬರುತ್ತೇನೆ. ದೋಷಾರೋಪ ಪಟ್ಟಿ ಸಲ್ಲಿಸುವಷ್ಟು ಆಧಾರ ದೊರೆಯಲಿಲ್ಲ ಎಂದು ಪೊಲೀಸರು ನ್ಯಾಯಾಲಯಕ್ಕೆ ಕೊಡುವ ಅಂತಿಮ ವರದಿಗೆ ನಮ್ಮ ರಾಜ್ಯದಲ್ಲಿ ಈ ಹೆಸರು. ಅದಕ್ಕೆ ಕಾರಣ ಹಲವು. ಸಾಕ್ಷ್ಯ ಸಾಲದೇ ಹೋಗಿರಬಹುದು, ದೂರುದಾರ ಸಂಗತಿಯನ್ನು ತಪ್ಪಾಗಿ ಗ್ರಹಿಸಿರಬಹುದು, ನಡೆದದ್ದು ಅಪರಾಧವಾಗದೆ ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಯಬೇಕಾದ ವ್ಯಾಜ್ಯವಾಗಿರಬಹುದು, ಕೆಲವು ಸಲ ದೂರು ನಿಜಕ್ಕೂ ಕಟ್ಟುಕತೆಯಾಗಿರಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ತನ್ನ ‘ಕ್ರೈಂ ಇನ್ ಇಂಡಿಯಾ’ ವರದಿಯ ಕೋಷ್ಟಕಗಳಲ್ಲಿ ಇವುಗಳನ್ನು ಒಂದೇ ಗಂಟಿಗೆ ಕಟ್ಟುವುದಿಲ್ಲ. ಸುಳ್ಳೆಂದು ಮುಕ್ತಾಯವಾದವುಗಳಿಗೆ ಒಂದು ಕಾಲಂ. ಸಂಗತಿಯ ಅಥವಾ ಕಾನೂನಿನ ತಪ್ಪುಗ್ರಹಿಕೆ ಇಲ್ಲವೇ ಸಿವಿಲ್ ವಿವಾದವೆಂದು ಮುಗಿದವುಗಳಿಗೆ ಇನ್ನೊಂದು. ನಿಜವಾದರೂ ಸಾಕ್ಷ್ಯ ಸಾಲದ ಅಥವಾ ಸುಳಿವು ಸಿಗದ ಪ್ರಕರಣಗಳಿಗೆ ಮತ್ತೊಂದು. ಲೆಕ್ಕ ಬರೆಯುವ ಸರ್ಕಾರಕ್ಕೇ ಇಷ್ಟು ವಿವೇಚನೆ ಇರುವಾಗ, ಪೇಟೆಬೀದಿಯಲ್ಲಿ ನಿಂತು ಟೀ ಕುಡಿಯುವ ನಾವು ಎಲ್ಲವನ್ನೂ ಮೊದಲ ಕಾಲಮಿಗೇ ತಳ್ಳುತ್ತೇವೆ.

ಅಷ್ಟಕ್ಕೂ ಬಿ ರಿಪೋರ್ಟ್ ಕೊನೆಯ ಮಾತೂ ಅಲ್ಲ. ಅದನ್ನು ಒಪ್ಪಿಕೊಳ್ಳುವ ಮೊದಲು ದೂರುದಾರನಿಗೆ ತಿಳಿಸಿ ಅವನ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ದೂರುದಾರ ಪ್ರೊಟೆಸ್ಟ್ ಪಿಟಿಷನ್ ಹಾಕಿ ವರದಿಯನ್ನು ಪ್ರಶ್ನಿಸಬಹುದು. ಮ್ಯಾಜಿಸ್ಟ್ರೇಟರು ವರದಿಯನ್ನು ಒಪ್ಪಬಹುದು, ಹೆಚ್ಚಿನ ತನಿಖೆಗೆ ಆದೇಶಿಸಬಹುದು, ಪೊಲೀಸರ ಅಭಿಪ್ರಾಯವನ್ನು ಬದಿಗಿಟ್ಟು ಪ್ರಕರಣವನ್ನು ವಿಚಾರಣೆಗೂ ತೆಗೆದುಕೊಳ್ಳಬಹುದು. ನೋಟಿಸು ಬಂದಾಗ ಹೆದರಿ ಮನೆಯಲ್ಲಿ ಕೂರುವವರೇ ನಮ್ಮಲ್ಲಿ ಹೆಚ್ಚು. ಊರೇ ‘ಫಾಲ್ಸ್’ ಎಂದು ಸಾರಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಲು ಯಾರಿಗೆ ತಾನೇ ಧೈರ್ಯ ಬಂದೀತು?

ಈವರೆಗೆ ಇಲ್ಲಿ ಬರೆಯದ ಒಂದು ವಿಷಯವನ್ನು ಇವತ್ತು ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಜೆ ನಡೆದು ಬರುವಾಗ ಬೈಕಿನಲ್ಲಿ ಬಂದ ಇಬ್ಬರು ನನ್ನ ಕುತ್ತಿಗೆಯಲ್ಲಿದ್ದ, ಅಮ್ಮ ಕೊಟ್ಟ ಸರವನ್ನು ಎಳೆದುಕೊಂಡು ಹೋದರು. ದೂರು ಕೊಟ್ಟೆ. ಕಳ್ಳರು ಪತ್ತೆಯಾಗಲಿಲ್ಲ, ಪ್ರಕರಣ ಸಿ ರಿಪೋರ್ಟಿನಲ್ಲಿ ಮುಗಿಯಿತು. ಸಿ ರಿಪೋರ್ಟ್ ಎಂದರೆ ಆರೋಪಿಗಳು ಪತ್ತೆಯಾಗಿಲ್ಲ ಎಂದು ಅರ್ಥವೇ ಹೊರತು ಕಳವು ನಡೆದಿಲ್ಲವೆಂದಲ್ಲ. ಆದರೂ ನಮ್ಮದೇ ನೆಂಟರೊಬ್ಬರು ಮನೆಗೆ ಬಂದು, “ಫಾಲ್ಸ್ ಅಂತ ಕ್ಲೋಸ್ ಮಾಡವ್ರಂತಲ್ಲಕ್ಕ, ಅವತ್ತು ಸರ ನಿಜ್ವಾಗ್ಲೂ ಹಾಕ್ಕೊಂಡಿದ್ರಾ?” ಎಂದು ಕೇಳಿದರು. ಸರ ಹೋದ ದಿನ ನಾನು ಅಳಲಿಲ್ಲ. ಆ ಪ್ರಶ್ನೆ ಕೇಳಿದ ರಾತ್ರಿ ಅತ್ತೆ. ಜೀವನವಿಡೀ ಪದಗಳ ಅರ್ಥ ಹೇಳಿಕೊಟ್ಟವಳ ಮಾತಿಗೇ ಇಷ್ಟು ಬೆಲೆಯಾದರೆ, ಹೆಬ್ಬೆಟ್ಟು ಒತ್ತಿ ದೂರು ಕೊಟ್ಟವರ ಗತಿ ಏನೆಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

‘ಹಾಗಾದರೆ ಸುಳ್ಳು ದೂರುಗಳೇ ಇಲ್ಲವೇ ಮೇಡಂ?’ ಎಂದು ಕಮೆಂಟು ಬರುತ್ತದೆಂದು ನನಗೆ ಗೊತ್ತು. ಇವೆ. ಹಗೆ ತೀರಿಸಿಕೊಳ್ಳಲು, ಆಸ್ತಿಗಾಗಿ, ಚುನಾವಣೆಯ ಜಿದ್ದಿಗಾಗಿ ಕೊಟ್ಟ ದೂರುಗಳಿವೆ, ಅವುಗಳಿಂದ ನಿರಪರಾಧಿಗಳು ನರಳಿದ್ದಾರೆ. ಗಂಡನ ಮನೆಯ ಕಿರುಕುಳದ ದೂರುಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಎಚ್ಚರಿಸಿದ್ದು ಕಾರಣವಿಲ್ಲದೆ ಅಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನು ಅಲುಗಿಸುವುದಿಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟವನಿಗೂ, ಸಾಕ್ಷಿ ಹೊಂದಿಸಲಾರದೆ ಸೋತವನಿಗೂ ಒಂದೇ ಹೆಸರಿಟ್ಟರೆ ಲಾಭವಾಗುವುದು ಮೊದಲನೆಯವನಿಗೇ, ಅವನು ಗುಂಪಿನಲ್ಲಿ ಸೇರಿ ಮರೆಯಾಗುತ್ತಾನೆ. ಮತ್ತೆ ನಮ್ಮ ಕಡೆ ಎಷ್ಟೋ ಪ್ರಕರಣಗಳು ಬಿದ್ದುಹೋಗುವುದು ಹೇಗೆಂದು ನಿಮಗೆ ತಿಳಿಯದ್ದೇ? ಹಿರಿಯರು ಕೂತು ರಾಜಿ ಪಂಚಾಯಿತಿ ಮಾಡುತ್ತಾರೆ, ತವರಿನವರು ‘ಮಕ್ಕಳ ಮುಖ ನೋಡಿ ಸುಮ್ನಾಗವ್ವ’ ಎನ್ನುತ್ತಾರೆ, ಸಾಕ್ಷಿ ಹೇಳಬೇಕಾದ ನೆರೆಯವರು ಅದೇ ಊರಿನಲ್ಲಿ ಬಾಳಬೇಕಾದ್ದರಿಂದ ಕಟಕಟೆಯಲ್ಲಿ ನಿಂತು ತಮಗೇನೂ ಗೊತ್ತಿಲ್ಲ ಎನ್ನುತ್ತಾರೆ. ಆರೋಪಿ ಸಂಶಯದ ಲಾಭ ಪಡೆದು ಬಿಡುಗಡೆಯಾಗುತ್ತಾನೆ. ಮರುದಿನ, ಹೊಡೆತ ತಿಂದವಳೇ ಫಾಲ್ಸ್ ಕೇಸ್ ಹಾಕಿದವಳಾಗುತ್ತಾಳೆ. ರಾಜಿಗೆ ಒತ್ತಾಯ ಮಾಡಿದವರ ಬಾಯಿಂದಲೇ ಆ ಮಾತು ಬರುವುದನ್ನು ನಾನು ಕೇಳಿದ್ದೇನೆ.

ದೂರಿನಲ್ಲಿ ಒಂದು ವಿವರ ತಪ್ಪಿದರೂ ಇಡೀ ದೂರು ಫಾಲ್ಸ್ ಎನ್ನುವ ಇನ್ನೊಂದು ಅಭ್ಯಾಸ ನಮ್ಮಲ್ಲಿದೆ. ಎರಡು ಏಟು ತಿಂದವನು ಸಿಟ್ಟಿನಲ್ಲಿ ನಾಲ್ಕು ಏಟು ಎಂದು ಬರೆಸಿದ್ದರೆ ಮುಗಿಯಿತು, ಏಟೇ ಬಿದ್ದಿಲ್ಲವೆಂದು ಮಾತಾಡುತ್ತಾರೆ. ‘ಒಂದರಲ್ಲಿ ಸುಳ್ಳಾದರೆ ಎಲ್ಲದರಲ್ಲೂ ಸುಳ್ಳು’ ಎಂಬ ಹಳೆಯ ಲ್ಯಾಟಿನ್ ಸೂತ್ರವೊಂದಿದೆ, ನಾನು ಮೇಲೆ ಹೇಳಿದ ‘ಫಾಲ್ಸುಸ್’ ಅದರಲ್ಲಿಯೂ ಇದೆ. ಆ ಸೂತ್ರ ನಮ್ಮ ದೇಶದಲ್ಲಿ ಕಾನೂನಿನ ನಿಯಮವಲ್ಲ, ಹೆಚ್ಚೆಂದರೆ ಎಚ್ಚರಿಕೆಯ ಮಾತು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ನಿಸಾರ್ ಅಲಿ ಪ್ರಕರಣದಲ್ಲಿ ಹೇಳಿತು. ಸಾಕ್ಷಿಯ ಮಾತಿನಿಂದ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಬೇಕೆಂದು ನ್ಯಾಯಾಲಯಗಳು ಅಲ್ಲಿಂದಾಚೆಗೆ ಮತ್ತೆ ಮತ್ತೆ ಹೇಳುತ್ತ ಬಂದಿವೆ. ಭತ್ತ ತೂರಿ ಬದುಕಿದ ಜಿಲ್ಲೆಯವರು ನಾವು. ಹೊಟ್ಟಿದೆಯೆಂದು ರಾಶಿಯನ್ನೇ ಚೆಲ್ಲಿದವರನ್ನು ನಾನಂತೂ ಕಂಡಿಲ್ಲ.

‘ಬಳಕೆಯಲ್ಲಿ ಪದದ ಅರ್ಥ ಬದಲಾಗುತ್ತದೆ, ಫಾಲ್ಸ್ ಈಗ ಕನ್ನಡದ ಪದವೇ ಆಗಿದೆ, ನೀವೇಕೆ ನಿಘಂಟು ಹಿಡಿದು ಕೂರುತ್ತೀರಿ’ ಎಂದು ನನ್ನ ಮಗನೇ ಕೇಳಿದ. ಬಸ್ಸು, ಕಾಫಿ, ಪೆನ್ನುಗಳನ್ನು ನಮ್ಮವೆಂದು ಬಳಸುವವಳಿಗೆ ಇಂಗ್ಲಿಷ್ ಪದದ ಮೇಲೆ ದ್ವೇಷವೇನಿರುತ್ತದೆ? ಈ ಪದ ಬಳಕೆಯಲ್ಲಿ ಬೆಳೆಯದೆ ಕುಗ್ಗಿದೆ ಎಂಬುದೇ ನನ್ನ ತಕರಾರು. ಎರಡು ಅರ್ಥಗಳಿದ್ದ ಪದವನ್ನು ತಂದುಕೊಂಡು, ಅದರಲ್ಲಿ ಮನುಷ್ಯನ ಮರ್ಯಾದೆ ಕಳೆಯುವ ಅರ್ಥವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನನ್ನ ಈ ಬಳಗದಲ್ಲಿ ವಕೀಲರಿದ್ದೀರಿ, ವರದಿಗಾರರಾಗಿರುವ ನನ್ನ ವಿದ್ಯಾರ್ಥಿಗಳೂ ಇದ್ದೀರಿ. ಸುದ್ದಿಯಲ್ಲಿ ‘ಫಾಲ್ಸ್ ಕೇಸ್ ಬಯಲು’ ಎಂದು ಶೀರ್ಷಿಕೆ ಕೊಡುವ ಮೊದಲು ಅಂತಿಮ ವರದಿಯಲ್ಲಿ ಯಾವ ಕಾರಣ ನಮೂದಾಗಿದೆ ಎಂದು ಠಾಣೆಗೆ ಒಂದು ಫೋನ್ ಮಾಡಿ ಕೇಳಿ. ಸಾಕ್ಷ್ಯ ಸಾಲದು ಎಂದಿದ್ದರೆ ಸಾಕ್ಷ್ಯ ಸಾಲಲಿಲ್ಲ ಎಂದು ಬರೆಯಿರಿ, ಸಿವಿಲ್ ವಿವಾದ ಎಂದಿದ್ದರೆ ಹಾಗೆಯೇ ಬರೆಯಿರಿ. ದೂರುದಾರನ ಮೇಲೆ 217 ಅಥವಾ 248ರ ಅಡಿಯಲ್ಲಿ ಕ್ರಮ ಆಗಿ, ಅದು ನ್ಯಾಯಾಲಯದಲ್ಲಿ ರುಜುವಾತಾದ ದಿನ ಸುಳ್ಳು ದೂರು ಎಂದು ದಪ್ಪ ಅಕ್ಷರದಲ್ಲೇ ಹಾಕಿ, ನಾನು ಬೇಡವೆನ್ನುವುದಿಲ್ಲ. ವಕೀಲ ಮಿತ್ರರು ಇನ್ನೊಂದು ಉಪಕಾರ ಮಾಡಬಹುದು. ಬಿ ರಿಪೋರ್ಟಿನ ನೋಟಿಸು ಹಿಡಿದು ಬರುವ ಕಕ್ಷಿದಾರರಿಗೆ, ಇದು ನಿಮ್ಮನ್ನು ಸುಳ್ಳುಗಾರರೆಂದು ಕರೆದ ಕಾಗದವಲ್ಲ, ಇದಕ್ಕೆ ಉತ್ತರ ಹೇಳಲು ನಿಮಗೆ ಹಕ್ಕಿದೆ, ಇಂಥ ದಿನದೊಳಗೆ ಬಂದು ಸಹಿ ಹಾಕಿ ಎಂದು ಅವರದೇ ಮಾತಿನಲ್ಲಿ ತಿಳಿಸಿ ಹೇಳಿ.