ಸುತ್ತಿಗೆ ಸದ್ದಿಗೆ ಹೋದ ಮುನ್ನೂರೈವತ್ತು ರೂಪಾಯಿ

2019ರ ಏಪ್ರಿಲ್ ಕೊನೆ. 18ನೇ ತಾರೀಖು ಹಾಕಿದ ವೋಟಿನ ಶಾಯಿ ಬೆರಳಿಂದ ಇನ್ನೂ ಹೋಗಿರ್ಲಿಲ್ಲ, ಅಷ್ಟರಲ್ಲಿ ಅಕ್ಕನ ಮಗ ಫೋನ್ ಮಾಡಿ ‘ಮಾಮ, ಅವೆಂಜರ್ಸ್ ಎಂಡ್‌ಗೇಮ್‌ಗೆ ಎರಡು ಟಿಕೆಟ್ ಇದೆ, ಫ್ರೆಂಡ್ ಕೈ ಕೊಟ್ಟ, ನೀನೇ ಬಾ’ ಅಂದ. ಕರೆದಿದ್ದು ಪ್ರೀತಿಗಲ್ಲ, ದುಡ್ಡು ದಂಡ ಆಗುತ್ತಲ್ಲಾ ಅಂತ. ನಾನು ಒಪ್ಪಿದ್ದೂ ಸಿನಿಮಾಗಲ್ಲ, ಎಸಿಗೆ. ಏಪ್ರಿಲ್ ಸೆಕೆ ಅಂದ್ರೆ ಮಾವ ಅಳಿಯ ಇಬ್ಬರೂ ಹೀಗೇ ಆಗೋದು.

ಅದು ಮಾರ್ವೆಲ್ ಅನ್ನೋರ ಸೂಪರ್‌ಹೀರೋ ಸರಣೀಲಿ ಇಪ್ಪತ್ತೆರಡನೇ ಸಿನಿಮಾ ಅಂತೆ. 2008ರಿಂದ ಚೀಟಿ ಕಂತಿನ ಥರ ಬರ್ತಾನೇ ಇದೆಯಂತೆ. ನಾನು ನೋಡಿದ್ದು ಒಂದೇ ಒಂದು, ಅದೂ ಟೀವೀಲಿ, ಅರ್ಧಕ್ಕೆ ಕರೆಂಟ್ ಹೋಯ್ತು. ಹಿಂದಿನ ಇಪ್ಪತ್ತೊಂದನ್ನ ವಿಜಯನಗರದಿಂದ ಎಂಜಿ ರೋಡ್ ಬರೋದ್ರೊಳಗೆ ಮೆಟ್ರೋಲಿ ನಿಂತ್ಕೊಂಡೇ ಹೇಳಿ ಮುಗಿಸ್ತೀನಿ ಅಂತ ಹೊರಟ ಆ ಹುಡುಗ, ನೇರಳೆ ಲೈನಿನ ಗಾಡೀಲಿ ನೇರಳೆ ಮೈಯಿನ ರಾಕ್ಷಸನ ಕಥೆ. ಅವನು ಚಿಟಿಕೆ ಹೊಡೆದನಂತೆ, ಲೋಕದ ಅರ್ಧ ಜೀವ ಬೂದಿಯಾಗಿ ಹಾರಿಹೋಯ್ತಂತೆ. ಆಗ ಸರಿಯಾಗಿ ಮೆಜೆಸ್ಟಿಕ್ ಬಂತು, ಜನ ನುಗ್ಗಿದ್ರು, ಒಬ್ಬರ ಬ್ಯಾಗು ನನ್ನ ಪಕ್ಕೆಗೆ ಚುಚ್ಚಿತು. ‘ಅವನು ಇಲ್ಲಿ ಬಂದು ಒಂದು ಚಿಟಿಕೆ ಹೊಡೀಬಾರ್ದಾ, ಕೂರೋಕಾದ್ರೂ ಸೀಟ್ ಸಿಗೋದು’ ಅಂದೆ. ನಗಲಿಲ್ಲ ಕಣ್ರೀ. ಈ ವಿಷಯದಲ್ಲಿ ಈಗಿನ ಹುಡುಗರಿಗೆ ನಗು ಬರಲ್ಲ, ದೇವರ ಬಗ್ಗೆ ಬೇಕಾದ್ರೆ ಜೋಕ್ ಮಾಡ್ಕೊಳ್ಳಿ.

ಸಿನಿಮಾ ಮೂರು ಗಂಟೆ ಒಂದು ನಿಮಿಷ. ಮೊದಲ ಒಂದು ಗಂಟೆ ಎಲ್ಲರೂ ಮುಖ ಸಣ್ಣಗೆ ಮಾಡ್ಕೊಂಡು ಮಾತಾಡ್ತಾರೆ, ಸೂತಕದ ಮನೆ ಥರ. ‘ಇವನ್ಯಾರೋ?’ ‘ಅವಳಿಗೇನಾಯ್ತೋ?’ ಅಂತ ನಾಲ್ಕೈದು ಸಲ ಕೇಳಿರಬಹುದು ಅಷ್ಟೇ, ಹಿಂದಿನ ಸೀಟಿಂದ ‘ಅಂಕಲ್, ಪ್ಲೀಸ್’ ಅಂತ ಬಂತು. ಆಮೇಲೆ ಬಾಯಿ ಮುಚ್ಚಿಕೊಂಡು ಪಾಪ್‌ಕಾರ್ನ್ ತಿಂತಾ ಎಸಿ ತಣ್ಣಗಿತ್ತಲ್ಲಾ ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ, ಎಚ್ಚರ ಆಗಿದ್ದು ಇಡೀ ಹಾಲ್ ಎದ್ದು ನಿಂತು ಕಿರುಚಿದಾಗ. ಬೆಂಕಿಗಿಂಕಿ ಬಿತ್ತೇನೋ ಅಂತ ನಾನೂ ದಡಕ್ಕನೆ ಎದ್ದು ಕತ್ತಲಲ್ಲಿ ಕಾಲಾಡಿಸ್ತಾ ಚಪ್ಪಲಿ ಹುಡುಕ್ತಿದ್ದೀನಿ, ಒಂದು ನಂದು ಸಿಕ್ತು, ಇನ್ನೊಂದು ಪಕ್ಕದ ಹುಡುಗೀದು. ನೋಡಿದ್ರೆ ಏನೂ ಇಲ್ಲ, ಪರದೆ ಮೇಲೆ ಒಬ್ಬ ಸುತ್ತಿಗೆ ಎತ್ತಿದ್ದಾನೆ.

ಸುತ್ತಿಗೆ! ನಮ್ಮನೆ ನಲ್ಲಿ ರಿಪೇರಿಯವನು ಎಷ್ಟು ಸಲ ಎತ್ತಿಲ್ಲ, ಒಬ್ಬರಾದ್ರೂ ಶಿಳ್ಳೆ ಹೊಡೆದ್ರಾ?

ಅಳಿಯ ಕಣ್ಣೊರೆಸ್ಕೊಂಡು ಕಿವೀಲಿ ಹೇಳಿದ, ಆ ಸುತ್ತಿಗೆ ಯೋಗ್ಯತೆ ಇರೋನ ಕೈಗೆ ಮಾತ್ರ ಏಳೋದಂತೆ. ಅಯ್ಯೋ ಶಿವಧನುಸ್ಸು ಅನ್ನು ಮತ್ತೆ! ಮೊದಲೇ ಹಾಗಂದಿದ್ರೆ ನಾನೂ ಒಂದು ಶಿಳ್ಳೆ ಹೊಡೀತಿದ್ದೆ. ಇಪ್ಪತ್ತೊಂದು ಸಿನಿಮಾದ ಪಾಠ ಮಾಡಿ ಬೇಕಾಗಿದ್ದ ಒಂದು ಮಾತು ಹೇಳಲಿಲ್ಲ ನೋಡಿ.

ಮುಗೀತು ಅಂತ ಎದ್ದರೆ ಕೈ ಹಿಡಿದು ಕೂರಿಸಿದ. ಇವರ ಸಿನಿಮಾಗಳಲ್ಲಿ ಹೆಸರೆಲ್ಲಾ ಓಡಿ ಮುಗಿದ ಮೇಲೆ ಒಂದು ಚೂರು ಸೀನ್ ಇಟ್ಟಿರ್ತಾರಂತೆ, ಊಟ ಆದ್ಮೇಲೆ ಎಲೆ ಅಡಿಕೆ ಕೊಟ್ಟ ಹಾಗೆ. ಸರಿ, ಕೂತೆವು. ಹೆಸರು ಓಡ್ತು, ಓಡ್ತು, ಆ ಊರಲ್ಲಿ ಕೆಲಸ ಇಲ್ಲದೋರು ಒಬ್ಬರೂ ಇಲ್ವೇನೋ ಅನ್ನೋಷ್ಟು ಹೆಸರು. ಕ್ಲೀನಿಂಗ್ ಅಕ್ಕ ಪೊರಕೆ ಹಿಡ್ಕೊಂಡು ಬಂದು ನಮ್ಮ ಕಾಲ ಹತ್ರಾನೇ ನಿಂತರು. ಕೊನೆಗೆ ಪರದೆ ಕಪ್ಪಾಯ್ತು, ಕೇಳಿಸಿದ್ದು ಟಣ್, ಟಣ್, ಟಣ್. ಯಾರೋ ಕಬ್ಬಿಣ ಬಡೀತಿರೋ ಸದ್ದು. ಅಷ್ಟೇ. ಸೀನೂ ಇಲ್ಲ ಗೀನೂ ಇಲ್ಲ. ಅಳಿಯ ಮಾತ್ರ ‘ಫಸ್ಟ್ ಸಿನಿಮಾದಲ್ಲಿ ಐರನ್ ಮ್ಯಾನ್ ಗುಹೇಲಿ ಕೂತು ಕವಚ ಮಾಡ್ತಾನಲ್ಲಾ ಮಾಮ, ಅದೇ ಸದ್ದು’ ಅಂತ ಇನ್ನೊಂದು ರೌಂಡ್ ಅತ್ತ. ಹೊರಗೆ ಬಂದ್ರೆ ಕೊನೇ ಮೆಟ್ರೋ ಹೋಗಿತ್ತು, ಆಟೋದವನು ಮೀಟರ್ ಕಡೆ ನೋಡ್ಲೂ ಇಲ್ಲ, ಮುನ್ನೂರೈವತ್ತು. ಕೊಟ್ಟಿದ್ದು ಯಾರು? ಮಾವ.

ಅದಕ್ಕೇ ನಾನನ್ನೋದು, ಈ ಸೂಪರ್‌ಹೀರೋ ಸಿನಿಮಾ ಕೆಟ್ಟದ್ದಲ್ಲ, ಆದ್ರೆ ಹೋಮ್‌ವರ್ಕ್ ಜಾಸ್ತಿ. ಪಾಪ್ ಹಾಡು ಹಾಗಲ್ಲಪ್ಪ, ಏನೂ ಓದ್ಕೊಂಡು ಬರೋದು ಬೇಡ, ಮೂರು ನಿಮಿಷಕ್ಕೆ ಮುಗಿಯುತ್ತೆ. ಮುಗಿದ ಮೇಲೆ ಮೂರು ದಿನ ಹೋಗಲ್ಲ, ಅದೇ ತೊಂದರೆ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡ್ ಕೇಳಿದ್ರೆ ಒಂದು ಲೆಕ್ಕವಂತೆ, ಹಾಗಾಗಿ ಹಾಡು ಶುರುವಾಗ್ತಿದ್ದಂಗೇ ಕುತ್ತಿಗೆಗೆ ಬೀಳುತ್ತೆ. ನಮ್ಮ ಅತ್ತಿಗೆ ಸಂಗೀತ ಪಾಠ ಹೇಳ್ತಾರೆ, ಮೂವತ್ತು ಸೆಕೆಂಡಲ್ಲಿ ಅವರ ತಂಬೂರಿ ಶ್ರುತಿ ಕೂಡಾ ಸೇರಿರಲ್ಲ.

ಈ ಅತ್ತಿಗೆ ಮತ್ತೆ ನನ್ನ ಮಗಳ ನಡುವೆ ಯುದ್ಧ ಶುರುವಾಗಿದ್ದು ಬಿಟಿಎಸ್‌ನಿಂದ. ರೂಮಿನ ಗೋಡೆ ಮೇಲೆ ಏಳು ಜನ ಕೊರಿಯಾ ಹುಡುಗರು, ಪಾಪ್ ಹಾಡೋ ತಂಡ. 2022ರ ಡಿಸೆಂಬರಲ್ಲಿ ಅವರಲ್ಲಿ ದೊಡ್ಡೋನು, ಜಿನ್ ಅಂತ, ಸೈನ್ಯಕ್ಕೆ ಸೇರಿದ. ಆ ದೇಶದಲ್ಲಿ ಗಂಡುಮಕ್ಕಳು ಹೋಗ್ಲೇಬೇಕಂತೆ. ಮಗಳು ಮೂರು ಹೊತ್ತು ಊಟ ಬಿಟ್ಟಳು (ಅಡುಗೆಮನೇಲಿ ಚಕ್ಕುಲಿ ಡಬ್ಬ ಖಾಲಿ ಆಗಿತ್ತು, ಅದು ಬೇರೆ ವಿಷಯ). ಕೆಳಗಿನ ಮನೆ ಕೊಡಗಿನ ಸುಬೇದಾರ್ ಅಂಕಲ್‌ಗೆ ಸುದ್ದಿ ಹೋಗಿ ಮೇಲೆ ಬಂದರು. ‘ಎಷ್ಟು ದಿನಕ್ಕಮ್ಮ?’ ಅಂದರು. ‘ಹದಿನೆಂಟು ತಿಂಗಳು ಅಂಕಲ್’ ಅಂತ ಬಿಕ್ಕಿದಳು. ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿದ ಮನುಷ್ಯ ಕಾಫಿ ಲೋಟ ಕೆಳಗಿಟ್ಟು ಒಂದು ನಿಮಿಷ ಏನೂ ಮಾತಾಡ್ಲಿಲ್ಲ.

ಅತ್ತಿಗೆ ಸುಮ್ಮನಿರದೆ ‘ಅವರದ್ದೆಲ್ಲಾ ಮೆಷಿನ್ ಕಂಠ ಕಣೇ’ ಅಂದುಬಿಟ್ಟರು. ಮಗಳು ಮೆತ್ತಗೆ ಅತ್ತಿಗೆಯ ಕಾಂಬೋಧಿ ರಾಗ ರೆಕಾರ್ಡ್ ಮಾಡ್ಕೊಂಡು ಯಾವುದೋ ಆಪ್‌ನ ಆಟೋಟ್ಯೂನ್‌ಗೆ ಹಾಕಿದಳು, ಅದೇ ಅಪಸ್ವರ ಬಂದ್ರೆ ಸರಿಮಾಡೋ ಮೆಷಿನ್. ಇದನ್ನ ಕಂಡುಹಿಡಿದೋನು ಮೊದಲು ಭೂಮಿಯೊಳಗಿಂದ ವಾಪಸ್ ಬರೋ ಅಲೆಗಳನ್ನ ಓದಿ ಎಣ್ಣೆ ಎಲ್ಲಿದೆ ಅಂತ ಹುಡುಕೋ ಕೆಲಸದಲ್ಲಿದ್ದನಂತೆ, 1997ರಲ್ಲಿ ಇದನ್ನ ತಂದ. ಅದಕ್ಕೆ ಗೊತ್ತಿರೋದು ಸ್ವರಗಳ ಹನ್ನೆರಡು ಮನೆ, ನಡುವೆ ಯಾರು ನಿಂತಿದ್ರೂ ಎಳೆದು ಹತ್ತಿರದ ಮನೆಗೆ ಸೇರಿಸುತ್ತೆ. ಗಮಕ, ಅಂದ್ರೆ ಸ್ವರಾನ ತೂಗಿ ಜಾರಿಸೋದು, ಇರೋದೇ ಮನೆ ಮನೆ ನಡುವಿನ ಬೀದೀಲಿ! ಹೊರಗೆ ಬಂದ ಕಾಂಬೋಧಿ ಅಪಾರ್ಟ್‌ಮೆಂಟ್ ಮೆಟ್ಟಿಲ ಮೇಲೆ ಸ್ಟೀಲ್ ಬಿಂದಿಗೆ ಉರುಳಿದ ಹಾಗಿತ್ತು. ಅತ್ತಿಗೆ ಪೂರ್ತಿ ಕೇಳಿಸ್ಕೊಂಡು ‘ನನ್ನ ಗಮಕಕ್ಕೆ ಇಸ್ತ್ರಿ ಹಾಕ್ಬಿಟ್ಯಲ್ಲೇ’ ಅಂದರು. ವಾರ ಮಾತಿಲ್ಲ.

ಜನವರಿ ಬಂತು, ಅವರೆಕಾಯಿ ಕಾಲ. ಒಂದು ಸಂಜೆ ಅತ್ತಿಗೆ ವೆರಾಂಡದಲ್ಲಿ ಪೇಪರ್ ಹಾಸ್ಕೊಂಡು ಅವರೆಕಾಳು ಹಿತುಕ್ತಾ ಕೂತಿದ್ರು, ಹೆಬ್ಬೆಟ್ಟಿಗೊಂದು ಕಾಳು, ಪುಳಕ್ಕಂತ ತಾಳಕ್ಕೆ ಸರಿಯಾಗಿ ಬೀಳ್ತಿತ್ತು. ಬಾಯಲ್ಲಿ ಏನೋ ಗುನುಗು. ಹತ್ತಿರ ಹೋಗಿ ಕಿವಿ ಕೊಟ್ಟೆ. 2020ರಲ್ಲಿ ಬಂದ ಆ ಏಳು ಹುಡುಗರ ಮೊದಲನೇ ಪೂರ್ತಿ ಇಂಗ್ಲಿಷ್ ಹಾಡು! ಮಾತಿಲ್ಲ, ಬರೀ ‘ತದರಿನ’, ಆದ್ರೆ ಅದೇ. ಅದೂ ಎಂಥ ಗಮಕ ಹಾಕಿ!

‘ಅತ್ತಿಗೆ, ಅದು ಆ ಸೈನ್ಯಕ್ಕೆ ಹೋದ ಹುಡುಗಂದು ಅಲ್ವಾ?’ ಅಂದೆ.

ಹಿತುಕಿದ ಸಿಪ್ಪೆ ಒಂದು ಮುಷ್ಟಿ ಬಂದು ನನ್ನ ಕನ್ನಡಕದ ಮೇಲೆ ಬಿತ್ತು.